ಹತ್ತು ಲಕ್ಷದ ಆಸುಪಾಸಿನ ಎತ್ತರದ ಗಾಡಿ: ಹೊಸದೋ, ಸೆಕೆಂಡ್ ಹ್ಯಾಂಡೋ?

ಹತ್ತು ಲಕ್ಷದ ಆಸುಪಾಸಿನಲ್ಲಿ ಒಂದು ಎತ್ತರದ ಗಾಡಿ (ಎಸ್‌ಯುವಿ) ಬೇಕೆಂದು ಬೆಂಗಳೂರಿನಲ್ಲಿ ಹುಡುಕಲು ಹೊರಟರೆ ಮೂರು ದಾರಿ ಎದುರಾಗುತ್ತವೆ. ಷೋರೂಮಿನ ಹೊಸ ನೆಕ್ಸಾನ್, ವೆನ್ಯೂ, ಎಕ್ಸ್‌ಯುವಿ 3ಎಕ್ಸ್‌ಒ, ಕೈಲಾಕ್‌ಗಳ ಕೆಳಗಿನ ಅಥವಾ ನಡುವಿನ ವೇರಿಯಂಟ್ ಒಂದು. ಒಂದೆರಡು ವರ್ಷ ಓಡಿದ ಅದೇ ಗಾಡಿಗಳ ಮೇಲಿನ ವೇರಿಯಂಟ್ ಇನ್ನೊಂದು. ಐದಾರು ವರ್ಷದ ಕ್ರೆಟಾ, ಸೆಲ್ಟೋಸ್‌ನಂಥ ಒಂದು ಅಳತೆ ದೊಡ್ಡ ಗಾಡಿ ಮೂರನೆಯದು. ಮೂರನ್ನೂ ತೂಗಿ ನೋಡಿದ ಮೇಲೆ ನಮಗೆ ಖಚಿತವಾದ ಮಾತು ಇದು: 2025ರ ಸೆಪ್ಟೆಂಬರ್ ನಂತರ, ಒಂದೆರಡು ವರ್ಷದ ಗಾಡಿಗೆ ಜನ ಹೇಳುತ್ತಿರುವ ಬೆಲೆ ಬಹುತೇಕ ಕಡೆ ಕೊಳ್ಳುವವರಿಗೆ ಗಿಟ್ಟುವುದಿಲ್ಲ. ಹೊಸದನ್ನೇ ತೆಗೆದುಕೊಳ್ಳಿ, ಇಲ್ಲವೇ ನಾಲ್ಕು ವರ್ಷ ದಾಟಿದ್ದನ್ನು ತಾಳ್ಮೆಯಿಂದ ಹುಡುಕಿ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಉದ್ದ ನಾಲ್ಕು ಮೀಟರ್ ಮೀರದೆ, ಎಂಜಿನ್ ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಒಳಗಿದ್ದರೆ ಈಗ ತೆರಿಗೆ ಶೇ 18. ಮೊದಲು ಸೆಸ್ ಸೇರಿ ಪೆಟ್ರೋಲ್ ಗಾಡಿಗೆ ಶೇ 29, ಡೀಸೆಲ್ ಗಾಡಿಗೆ ಶೇ 31 ಇತ್ತು. ಈ ಮಿತಿ ದಾಟಿದ ಗಾಡಿಗಳಿಗೆಲ್ಲ ಶೇ 40. ಕಂಪನಿ ಪೂರ್ತಿ ಲಾಭವನ್ನು ಗಿರಾಕಿಗೆ ಬಿಟ್ಟುಕೊಟ್ಟರೆ ಹತ್ತು ಲಕ್ಷದ ಸಣ್ಣ ಪೆಟ್ರೋಲ್ ಗಾಡಿಯ ಎಕ್ಸ್ ಷೋರೂಂ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ್ದು; ಅವೆಲ್ಲ ಸೇರಿದರೆ ಆನ್‌ರೋಡ್) ಸುಮಾರು 85 ಸಾವಿರ ಇಳಿಯುತ್ತದೆ, ಡೀಸೆಲ್ಲಿನದು ಲಕ್ಷದ ಹತ್ತಿರ. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಬ್ರೆಜಾ ನಾಲ್ಕು ಮೀಟರಿನೊಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ ಅದು ಶೇ 18ರ ಸಾಲಿಗೆ ಬರುವುದೇ ಇಲ್ಲ, ಶೇ 45ರಿಂದ 40ಕ್ಕೆ ಇಳಿಯಿತಷ್ಟೇ. ಕ್ರೆಟಾದ 1.5 ಪೆಟ್ರೋಲಿಗೂ ಅದೇ ಲೆಕ್ಕ, ಬೆಲೆಯಲ್ಲಿ ಕಡಿಮೆಯಾದದ್ದು ಶೇ 3.4ರಷ್ಟು ಮಾತ್ರ. ಒಂದು ಕಾಲಕ್ಕೆ ಸರಿಸುಮಾರು ಸಮವಾಗಿದ್ದ ನೆಕ್ಸಾನ್ ಮತ್ತು ಬ್ರೆಜಾ ಬೆಲೆಗಳ ನಡುವೆ ಈಗ ಅಂತರ ಬಿದ್ದಿರುವುದು ಈ ಕಾರಣಕ್ಕೆ.

ಹೊಸ ಗಾಡಿಯ ಬೆಲೆ ಇಳಿದರೆ ಹಳೆಯದರದೂ ಇಳಿಯಬೇಕು. ಆದರೆ ಮಾರುವವರ ಕೈಯಲ್ಲಿರುವುದು ತಾವು ಹಳೇ ತೆರಿಗೆ ಕಟ್ಟಿದಾಗಿನ ಬಿಲ್. ‘ಆನ್‌ರೋಡ್ ಹದಿಮೂರು ಕೊಟ್ಟಿದ್ದೀನಿ, ಹತ್ತೂವರೆಗೆ ಬಿಡ್ತೀನಿ’ ಎಂದರೆ ಆ ಹದಿಮೂರು ಈಗ ಎಷ್ಟಾಗಿದೆ ಎಂದು ಅವತ್ತೇ ಷೋರೂಮಿನಲ್ಲಿ ಕೇಳಿ ಕೊಟೇಷನ್ ಬರೆಸಿಕೊಂಡು ಹೋಗಿ. ಚೌಕಾಸಿಗೆ ಅದಕ್ಕಿಂತ ಬಲವಾದ ಕಾಗದ ಇನ್ನೊಂದಿಲ್ಲ.

ಕರ್ನಾಟಕದವರಿಗೆ ಇನ್ನೊಂದು ಗೆರೆ ಇದೆ, ಹತ್ತು ಲಕ್ಷದ್ದು. ಇಲ್ಲಿನ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗಿನ ಗಾಡಿಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಸೆಸ್. 9.90 ಲಕ್ಷದ ಗಾಡಿಗೆ ಮೂಲ ತೆರಿಗೆ 1,38,600 ರೂಪಾಯಿ. 10.10 ಲಕ್ಷದ್ದಕ್ಕೆ 1,71,700. ಬೆಲೆಯಲ್ಲಿ 20 ಸಾವಿರ ಹೆಚ್ಚಾದರೆ ತೆರಿಗೆಯಲ್ಲೇ 33 ಸಾವಿರ ಏರುತ್ತದೆ. ಹತ್ತು ಲಕ್ಷ ದಾಟಿದ್ದಕ್ಕೆ ಶೇ 1 ಟಿಸಿಎಸ್ (ಮಾರುವವರು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಬೇರೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹಿಂದಕ್ಕೆ ಪಡೆಯಬಹುದು, ಆದರೆ ಕೊಳ್ಳುವ ದಿನ ಕೈಯಿಂದ ಹೋಗುತ್ತದೆ. ಸನ್‌ರೂಫ್ ಬೇಕೆಂದು ಒಂದು ವೇರಿಯಂಟ್ ಮೇಲೆ ಹೋಗುವಾಗ ಈ ಗೆರೆ ದಾಟುತ್ತಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ರಾಜ್ಯದೊಳಗಿನದಾದರೆ ಈ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿ ಮುಗಿಸಿರುತ್ತಾರೆ. ಹಳೆಯದರ ದೊಡ್ಡ ಲಾಭ ಇರುವುದೇ ಇಲ್ಲಿ.

ಹಳೆಯದರ ನಷ್ಟ ಇರುವುದು ಸಾಲದಲ್ಲಿ. ಹೊಸ ಗಾಡಿಗೆ ಶೇ 9ರ ಆಸುಪಾಸಿಗೆ ಸಿಗುವ ಸಾಲ ಹಳೆಯದಕ್ಕೆ ಶೇ 12, 13, ಕೆಲವೊಮ್ಮೆ ಇನ್ನೂ ಹೆಚ್ಚು. ಏಳು ಲಕ್ಷವನ್ನು ಐದು ವರ್ಷಕ್ಕೆ ಶೇ 9ರಲ್ಲಿ ತೆಗೆದರೆ ತಿಂಗಳ ಕಂತು ಸುಮಾರು 14,530. ಶೇ 13ರಲ್ಲಿ 15,930. ಐದು ವರ್ಷಕ್ಕೆ 84 ಸಾವಿರದ ವ್ಯತ್ಯಾಸ. ಡೀಲರ್ ಮೂಲಕ ಕೊಂಡರೆ ಅವರ ಲಾಭದ ಭಾಗಕ್ಕೆ ಶೇ 18 ಜಿಎಸ್‌ಟಿಯೂ ಬೆಲೆಯೊಳಗೆ ಸೇರಿಕೊಂಡಿರುತ್ತದೆ. ಕೈಯಲ್ಲಿ ಪೂರ್ತಿ ಹಣ ಇರುವವರಿಗೂ ಸಾಲದಲ್ಲಿ ಕೊಳ್ಳುವವರಿಗೂ ಉತ್ತರ ಬೇರೆಯಾಗುವುದು ಇದಕ್ಕೇ.

ನಾವು ಲೆಕ್ಕ ಹಾಕಿದ್ದು ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು. ಕೊಟ್ಟ ಬೆಲೆಯಲ್ಲಿ ಆರು ವರ್ಷದ ನಂತರ ಬರಬಹುದಾದ ಬೆಲೆ ಕಳೆದು, ಆರರಿಂದ ಭಾಗಿಸಿ, ಹೆಚ್ಚುವರಿ ಬಡ್ಡಿ ಮತ್ತು ರಿಪೇರಿ ಸೇರಿಸುವುದು. ಉದಾಹರಣೆಗೆ 9.5 ಲಕ್ಷ ಎಕ್ಸ್ ಷೋರೂಮಿನ ಹೊಸ ಗಾಡಿ ಆನ್‌ರೋಡ್ 11.5 ಆಗಿ, ಆರು ವರ್ಷದ ಮೇಲೆ 5 ಲಕ್ಷಕ್ಕೆ ಹೋಯಿತೆಂದು ಹಿಡಿಯಿರಿ. ವರ್ಷಕ್ಕೆ 1.08 ಲಕ್ಷ. ಅದೇ ಗಾಡಿ ಎರಡು ವರ್ಷದ್ದು 9 ಲಕ್ಷಕ್ಕೆ ಸಿಕ್ಕಿ, ಎಂಟನೇ ವರ್ಷದಲ್ಲಿ 3.75ಕ್ಕೆ ಹೋದರೆ ಸವಕಳಿ ವರ್ಷಕ್ಕೆ 87 ಸಾವಿರ. ಅದರ ಮೇಲೆ ಬಡ್ಡಿಯ ವ್ಯತ್ಯಾಸ 14 ಸಾವಿರ, ಬೇಗ ವಾರಂಟಿ ಮುಗಿಯುವುದರಿಂದ ರಿಪೇರಿಗೆ ಹೆಚ್ಚುವರಿ 12 ಸಾವಿರ ಇಟ್ಟರೆ 1.13 ಲಕ್ಷ. ಹೊಸದಕ್ಕಿಂತ ದುಬಾರಿ! ಐದು ವರ್ಷದ್ದು 6.25ಕ್ಕೆ ಸಿಕ್ಕಿ ಕೊನೆಗೆ 2.5ಕ್ಕೆ ಹೋದರೆ ಸವಕಳಿ 62 ಸಾವಿರ, ಬಡ್ಡಿಗೆ 10, ರಿಪೇರಿಗೆ ಧಾರಾಳವಾಗಿ 25 ಸಾವಿರ ಇಟ್ಟರೂ 97 ಸಾವಿರ. ಅಂಕಿಗಳನ್ನು ನಿಮಗೆ ಸಿಕ್ಕ ಬೆಲೆಗೆ ಬದಲಿಸಿಕೊಳ್ಳಿ. ಎರಡು ವರ್ಷದ ಗಾಡಿ ಎಂಟಕ್ಕೆ ಸಿಕ್ಕರೆ ಲೆಕ್ಕ ತಿರುಗುತ್ತದೆ, ಆಗ ಬಿಡಬೇಡಿ.

ಇನ್ನು ನಂಬಿಕೆಯ ವಿಷಯ. ‘ಆ ಕಂಪನಿ ಒಳ್ಳೇದು, ಈ ಕಂಪನಿ ಬೇಡ’ ಎಂಬ ಮಾತಿನಿಂದ ಗಾಡಿ ಆರಿಸಲಾಗದು. ಒಂದೇ ಮಾದರಿಯಲ್ಲಿ ಯಾವ ಎಂಜಿನ್‌ಗೆ ಯಾವ ಗೇರ್‌ಬಾಕ್ಸ್ ಜೋಡಿಸಿದ್ದಾರೆ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ. ಇಕೋಸ್ಪೋರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2013ರಲ್ಲಿ ಬಂದಾಗ ಅದರ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿದ್ದದ್ದು ಒಣ ಕ್ಲಚ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಎರಡು ಕ್ಲಚ್ ಸರದಿಯಂತೆ ಹಿಡಿದು ಗೇರ್ ಬದಲಿಸುವ, ತಣಿಸಲು ಆಯಿಲ್ ಇಲ್ಲದ ವ್ಯವಸ್ಥೆ ಅದು. ನಿಧಾನಗತಿಯಲ್ಲಿ ನಡುಕ, ನಿಯಂತ್ರಕ ಮಾಡ್ಯೂಲಿನ ತೊಂದರೆ ಹಲವು ದೇಶಗಳಲ್ಲಿ ಹೆಸರುವಾಸಿ. 2017ರ ಕೊನೆಗೆ ಅದನ್ನು ತೆಗೆದು ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಆಟೊಮ್ಯಾಟಿಕ್) ಹಾಕಿದರು, ಆ ತೊಂದರೆ ಹೋಯಿತು. ಆದರೆ ಜೊತೆಗೆ ಬಂದ ಹೊಸ 1.5 ಮೂರು ಸಿಲಿಂಡರ್ ಎಂಜಿನ್‌ನ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಪಟ್ಟಿ) ಆಯಿಲ್‌ನೊಳಗೆ ಮುಳುಗಿ ಓಡುವಂಥದ್ದು. ಕಂಪನಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಿದರೆ, ಬದಲಾಯಿಸುವುದನ್ನು ತಡಮಾಡಿದರೆ ಬೆಲ್ಟ್ ಸವೆದು ಅದರ ಚೂರು ಆಯಿಲ್ ಹೀರುವ ಜಾಲರಿಯನ್ನು ಮುಚ್ಚುತ್ತದೆ. ಆಯಿಲ್ ಪ್ರೆಷರ್ ಬಿದ್ದರೆ ಎಂಜಿನ್ ಹೋಯಿತು. ಆದ್ದರಿಂದ ಆ ಗಾಡಿಯಲ್ಲಿ ಆಯಿಲ್ ಬಿಲ್‌ಗಳೇ ಮುಖ್ಯ, ಬಿಲ್ ಇಲ್ಲವೆಂದರೆ ಕೈಬಿಡಿ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಓಡಿಸಲು ಇಷ್ಟು ಚಂದದ ಗಾಡಿ ಆ ಬೆಲೆಗೆ ಅಪರೂಪ ಎಂಬುದು ನಿಜ. ಆದರೂ ಕೊಳ್ಳುವ ಮುನ್ನ ನಿಮ್ಮ ಊರಿನಲ್ಲಿ ಬಾಗಿಲು, ಬಂಪರ್, ಹೆಡ್‌ಲೈಟ್‌ಗೆ ಎಷ್ಟು ದಿನ ಕಾಯಬೇಕೆಂದು ವಿಚಾರಿಸಿ.

2016ರಿಂದ 2020ರವರೆಗಿನ ವಿಟಾರಾ ಬ್ರೆಜಾ ಇದಕ್ಕೆ ತದ್ವಿರುದ್ಧ. 1248 ಸಿಸಿಯ ಅದರ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಜೈರ್, ಎರ್ಟಿಗಾಗಳಲ್ಲೂ ಇದ್ದದ್ದು. ಬೆಲ್ಟ್ ಇಲ್ಲ, ಚೈನ್. ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಬಿಟ್ಟಿತು, ಆದರೆ ಆ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಂಧನೂರಿನಲ್ಲೂ ಸಿಗುತ್ತಾರೆ, ಶಿರಸಿಯಲ್ಲೂ ಸಿಗುತ್ತಾರೆ. ಅದಕ್ಕೂ ಹಿಂದಿನ ನಿಯಮ ಬಿಎಸ್4ರದ್ದಾದ್ದರಿಂದ ಹೊಗೆ ಸೋಸುವ ಫಿಲ್ಟರಿನ ಗೋಳು ಕಡಿಮೆ. ಹೆಚ್ಚು ಓಡಿಸುವ ಹಳ್ಳಿ ಕಡೆಯವರಿಗೆ ನಾವು ಈಗಲೂ ಮೊದಲು ಹೇಳುವುದು ಇದನ್ನೇ. ಅಪಘಾತ ಸುರಕ್ಷತೆಯಲ್ಲಿ 2018ರ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ನಕ್ಷತ್ರ, ಅದೇ ವರ್ಷ ನೆಕ್ಸಾನ್‌ಗೆ ಐದು. ಅಂದಿನ ಐದು ನಕ್ಷತ್ರವೂ ಇಂದಿನ ಐದು ನಕ್ಷತ್ರವೂ ಒಂದೇ ಅಲ್ಲ ಎಂಬುದು ನೆನಪಿರಲಿ, 2022ರಲ್ಲಿ ಪರೀಕ್ಷೆಯ ನಿಯಮ ಬಿಗಿಯಾಯಿತು.

ಬಿಎಸ್6 ಡೀಸೆಲ್ ಬೇಕೇ? ದಿನಾ ಜಯನಗರದಿಂದ ಎಂ.ಜಿ. ರಸ್ತೆಗೆ ಹೋಗಿಬರುವವರಿಗೆ ಬೇಡವೇ ಬೇಡ. ಸೈಲೆನ್ಸರ್ ಸಾಲಿನಲ್ಲಿರುವ ಹೊಗೆ ಸೋಸುವ ಫಿಲ್ಟರ್ (ಡಿಪಿಎಫ್) ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಟ್ಟುಹಾಕಬೇಕು. ಅದಕ್ಕೆ ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಕಾಲು ಗಂಟೆಯಾದರೂ ಓಡಬೇಕು. ಟ್ರಾಫಿಕ್‌ನಲ್ಲಿ ಅರ್ಧಕ್ಕೇ ನಿಂತರೆ ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತು ದಾಟಿ ನಿಂತಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಆ ಗಾಡಿ ಊರೊಳಗೇ ಓಡಿದ್ದು ಎಂದು ತಿಳಿಯಿರಿ.

ಟರ್ಬೊ ಪೆಟ್ರೋಲ್ ಜೊತೆಗಿನ ಒಣ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳು ಹೈವೇಯಲ್ಲಿ ಬಹಳ ಸೊಗಸು. ಆದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚೇ ತೆವಳುವಾಗ ಕ್ಲಚ್ ಅರ್ಧ ಹಿಡಿದೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ವಾರಂಟಿ ಉಳಿದಿಲ್ಲದೆ ಇಂಥದ್ದನ್ನು ಕೊಳ್ಳಬೇಡಿ. ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ ಆಟೊಮ್ಯಾಟಿಕ್) ಅಗ್ಗ, ರಿಪೇರಿಯೂ ಸುಲಭ, ಗೇರ್ ಬೀಳುವಾಗಿನ ತೂಗಾಟ ಒಪ್ಪಿಕೊಳ್ಳಬೇಕು. ಆಟೊಮ್ಯಾಟಿಕ್ಕೇ ಬೇಕೆನ್ನುವವರಿಗೆ ಹಳೆಯದರಲ್ಲಿ ನಮ್ಮ ಮೊದಲ ಆಯ್ಕೆ ಟಾರ್ಕ್ ಕನ್ವರ್ಟರ್. 2020ರಿಂದ 2022ರವರೆಗಿನ ಬ್ರೆಜಾ ಪೆಟ್ರೋಲಿನ ನಾಲ್ಕು ಗೇರಿನದು ಹಳೇ ಕಾಲದ್ದು, ಮೈಲೇಜ್ ಕಡಿಮೆ, ಆದರೆ ಕಾಟ ಕೊಡುವುದಿಲ್ಲ. ಊರೊಳಗೇ ಹೆಚ್ಚು ಓಡಿಸುವ, ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಟರ್ಬೊ ಇಲ್ಲದ ಪೆಟ್ರೋಲ್, ಮ್ಯಾನುಯಲ್ ಗೇರ್. ಇದರಲ್ಲಿ ನಮಗೆ ಎರಡು ಮಾತಿಲ್ಲ. ಎಥೆನಾಲ್ ಬಗ್ಗೆ ಒಂದು ಮಾತು: 2023ರ ಏಪ್ರಿಲ್‌ಗೆ ಮೊದಲಿನ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆಂದು ಹೊಂದಿಸಿದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಪೈಪ್, ಸೀಲ್‌ಗಳು ಒಡೆದಿವೆಯೇ ಎಂದು ಪರೀಕ್ಷೆಯಲ್ಲೇ ನೋಡಿ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಎಂಜಿನ್ ತಣ್ಣಗಿರಬೇಕು. ‘ಈಗಷ್ಟೇ ಓಡಿಸ್ಕೊಂಡು ಬಂದೆ ಸಾರ್’ ಎಂದರೆ ನಾಳೆ ಬರುತ್ತೇವೆಂದು ಹೇಳಿ, ಬಿಸಿ ಎಂಜಿನ್‌ನಲ್ಲಿ ಅರ್ಧ ರೋಗ ಕಾಣುವುದಿಲ್ಲ. ತಣ್ಣನೆ ಸ್ಟಾರ್ಟ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ, ಕೂಲೆಂಟ್ ಕಡಿಮೆಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಮೊದಲ ಕ್ಷಣಗಳಲ್ಲಿ ಚೈನ್ ಗಲಗಲ ಎನ್ನುತ್ತದೆಯೇ ಕೇಳಿ.

ಬಾಡಿ ನೋಡಲು ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಕಂಪನಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200–300 ಬಂದರೆ ಮತ್ತೆ ಪೇಂಟ್ ಹೊಡೆದದ್ದು, 500 ದಾಟಿದರೆ ಒಳಗೆ ಪುಟ್ಟಿ ಇದೆ. ಬಾಗಿಲಿಗೆ, ಬಂಪರ್ ಪಕ್ಕಕ್ಕೆ ಗೀರು ಬಿದ್ದು ಪೇಂಟ್ ಹೊಡೆಸಿದ್ದರೆ ಅದು ದೊಡ್ಡದಲ್ಲ, ಬೆಂಗಳೂರಿನಲ್ಲಿ ಗೀರಿಲ್ಲದ ಗಾಡಿ ಎಲ್ಲಿದೆ? ಬಿಡಬೇಕಾದದ್ದು ಪಿಲ್ಲರ್, ಚಾವಣಿ, ಬಾನೆಟ್ ಕೆಳಗಿನ ಏಪ್ರನ್‌ಗಳಲ್ಲಿ (ಚಕ್ರದ ಮೇಲಿನ ಒಳತಗಡು) ಕೆಲಸವಾಗಿದ್ದರೆ. ಅಲ್ಲಿ ಕಂಪನಿಯ ಸ್ಪಾಟ್ ವೆಲ್ಡ್ ಸಮ ಅಂತರದ ಗುಂಡು ಗುಂಡು ಗುರುತಾಗಿ ಕಾಣಬೇಕು. ಸ್ಟೆಪ್ನಿ ತೆಗೆದು ಅದರ ಗುಂಡಿಯ ತಗಡು ನೋಡಿ, ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಲ್ಲಿ ಅಲ್ಲಿ ಸುಕ್ಕು ಉಳಿದಿರುತ್ತದೆ. ಬಾನೆಟ್ ಹಿಂಜ್, ಫೆಂಡರ್ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಎದ್ದಿದ್ದರೆ ಬಿಚ್ಚಿ ಹಾಕಿದ್ದಾರೆ. ಎಲ್ಲ ಗಾಜುಗಳ ಮೇಲಿನ ವರ್ಷದ ಗುರುತು ಒಂದೇ ಇರಬೇಕು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತುವುದೇ ಇಲ್ಲವೆಂದರೆ ದೀಪವನ್ನೇ ಕತ್ತರಿಸಿರಬಹುದು.

ನೀರಲ್ಲಿ ಮುಳುಗಿದ ಗಾಡಿ ಇದೆಲ್ಲಕ್ಕಿಂತ ಅಪಾಯ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ನಿಂತ ಗಾಡಿಗಳು ಮುಳುಗಿದ್ದು ಎಲ್ಲರಿಗೂ ಗೊತ್ತು, ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ ಅದೇ ಆಯಿತು. ತೊಳೆದು ಹೊಳಪು ಕೊಟ್ಟ ಗಾಡಿಯಲ್ಲೂ ಕೆಲವು ಜಾಗ ಸುಳ್ಳು ಹೇಳುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಹಳಿ, ಅದರ ಬೋಲ್ಟ್‌ಗಳಲ್ಲಿ ತುಕ್ಕು. ಡ್ಯಾಶ್ ಕೆಳಗಿನ ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಪುಡಿ. ಕಾರ್ಪೆಟ್ ಕೆಳಗಿನ ಫೋಮ್ ಒತ್ತಿದರೆ ತೇವ. ಇವುಗಳಲ್ಲಿ ಎರಡು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ವಾಪಸ್ ಬನ್ನಿ, ಏಕೆಂದರೆ ವೈರಿಂಗ್ ಒಳಗಿನ ತುಕ್ಕು ತಿಂಗಳುಗಟ್ಟಲೆ ಆದ ಮೇಲೆ ಒಂದೊಂದೇ ಸೆನ್ಸರ್ ಕೆಡಿಸುತ್ತ ಬರುತ್ತದೆ. ಕರಾವಳಿಯ ಗಾಡಿಯಾದರೆ ಅಡಿಭಾಗ ನೋಡಲೇಬೇಕು. ಉಡುಪಿ, ಕಾರವಾರದ ಉಪ್ಪು ಗಾಳಿಗೆ ಸೈಲೆನ್ಸರ್, ಹಿಂದಿನ ಆಕ್ಸಲ್, ಬ್ರೇಕ್ ಪೈಪ್‌ಗಳು ಮೊದಲು ತುಕ್ಕು ಹಿಡಿಯುತ್ತವೆ.

ಓಡಿಸುವಾಗ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ. ಹಂಪ್ ಮೇಲೆ ಟಕ್ ಟಕ್ ಎಂದರೆ ಹೆಚ್ಚಾಗಿ ಲಿಂಕ್ ರಾಡ್, ಅದು ಅಗ್ಗದ ಕೆಲಸ. ಗುಂಡಿಯಲ್ಲಿ ದಡ್ ಎಂದು ಗಟ್ಟಿ ಸದ್ದಾದರೆ ಲೋವರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟ್. ವೇಗದ ಜೊತೆ ಏರುವ ಗುಂಯ್ ಸದ್ದು ಒಂದು ಪಕ್ಕಕ್ಕೆ ತಿರುಗಿಸಿದಾಗ ಬದಲಾದರೆ ವೀಲ್ ಬೇರಿಂಗ್. ಕ್ಲಚ್ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನ ಕ್ಲಚ್ ಬಿಡಿ. ಎಂಜಿನ್ ಕೂಡಲೇ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುಕ ತಗ್ಗಿಸುವ ಜೋಡಿ ಚಕ್ರ) ಇರುವ ಡೀಸೆಲ್ ಆದರೆ ಖರ್ಚು ಕೆಲವು ಪಟ್ಟು. ಟೈರ್ ಪಕ್ಕದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಬ್ರೆಜಾ, ನೆಕ್ಸಾನ್‌ಗಳ 215/60 ಆರ್16 ಅಳತೆಯ ನಾಲ್ಕು ಟೈರಿಗೆ ಮೂವತ್ತು ಸಾವಿರದ ಸುಮಾರು ಆಗುತ್ತದೆ, ಐದು ವರ್ಷ ದಾಟಿದ್ದರೆ ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ.

ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಇಲ್ಲವೆಂದು ಸಮಾಧಾನ ಪಡಬೇಡಿ. ‘ರೆಡಿನೆಸ್’ ಸಾಲು ನೋಡಿ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ ಅದು. ಅಲ್ಲಿ ಹಲವು ಪರೀಕ್ಷೆ ಅಪೂರ್ಣವೆಂದು ತೋರಿಸಿದರೆ ನೀವು ಬರುವ ಮುಂಚೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಇನ್ನು ಮೀಟರ್ ತಿರುಗಿಸುವುದು. ಕಂಪನಿಯ ಸರ್ವಿಸ್ ಸೆಂಟರಿನಿಂದ ಪ್ರತಿ ಸರ್ವಿಸ್‌ನ ದಿನಾಂಕ, ಕಿಲೋಮೀಟರ್ ಇರುವ ದಾಖಲೆಯನ್ನು ಮಾಲೀಕರಿಂದಲೇ ತೆಗೆಸಿಕೊಳ್ಳಿ. 40 ಸಾವಿರ ಓಡಿದೆ ಎನ್ನುವ ಗಾಡಿಯಲ್ಲಿ ಪೆಡಲ್ ರಬ್ಬರ್ ನುಣ್ಣಗಾಗಿ ಸ್ಟೀರಿಂಗ್ ಸಿಪ್ಪೆ ಎದ್ದಿದ್ದರೆ ನಂಬಬೇಡಿ.

ಕಾಗದಪತ್ರದಲ್ಲಿ ಮೊದಲು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಎಷ್ಟನೇ ಮಾಲೀಕರು, ಸಾಲ ಇದೆಯೇ, ಹಿಂದೆ ಹಳದಿ ಬೋರ್ಡ್ ಆಗಿತ್ತೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ವರ್ಗಾವಣೆಗೆ ಫಾರಂ 29, 30. ಬಾಕಿ ಟ್ರಾಫಿಕ್ ದಂಡವನ್ನು ಕರ್ನಾಟಕ ಒನ್‌ನಲ್ಲಿ ನೋಡಿ ಮಾರುವವರಿಂದಲೇ ಕಟ್ಟಿಸಿ. ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಅದೇ ಮಾಲೀಕರ ಹೆಸರಲ್ಲಿ ಐದು ವರ್ಷವಾಗಿಯೂ ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು, ಯಾವುದಕ್ಕೆಂದು ಕೇಳಿ. ಆ ಬೋನಸ್ ಮಾಲೀಕರದ್ದು, ಗಾಡಿಯ ಜೊತೆ ನಿಮಗೆ ಬರುವುದಿಲ್ಲ, ನಿಮ್ಮ ಪ್ರೀಮಿಯಂ ಏರುತ್ತದೆ.

ದೆಹಲಿ ನೋಂದಣಿಯ ಡೀಸೆಲ್ ಗಾಡಿಗಳು ಅಗ್ಗಕ್ಕೆ ಬರತೊಡಗಿದ್ದು ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಾಕಿದ್ದ ನಿರ್ಬಂಧದಿಂದ. ಫಾರಂ 28ರ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ, ಮರುನೋಂದಣಿಯ ಓಡಾಟ ಸೇರಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಬೆಲೆ ಮಾತಾಡುವಾಗ ಗಾಡಿಯನ್ನು ಹಳಿಯುವುದರಿಂದ ಏನೂ ಪ್ರಯೋಜನವಿಲ್ಲ. ಟೈರ್, ಬ್ಯಾಟರಿ, ಬುಷ್, ಕ್ಲಚ್ ಎಂದು ಬರೆದ ಅಂದಾಜು ಖರ್ಚು ಮತ್ತು ಷೋರೂಮಿನ ಹೊಸ ಕೊಟೇಷನ್, ಈ ಎರಡು ಹಾಳೆ ಮುಂದಿಡಿ. ಮಾಲೀಕರು ನೇರವಾಗಿ ಮಾರುತ್ತಿದ್ದರೆ ಹೆಚ್ಚಿನವರು ಒಪ್ಪುತ್ತಾರೆ.

ಕೊಂಡ ದಿನದಿಂದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿ, 30 ದಿನದೊಳಗೆ ಆರ್‌ಸಿಗೆ ಅರ್ಜಿ ಹಾಕಿ. ಹಳೇ ಮಾಲೀಕರು ತಮ್ಮ ಫಾಸ್ಟ್ಯಾಗ್ ಮುಚ್ಚಿಸಿದ ಮೇಲಷ್ಟೇ ನಿಮ್ಮದು ಬರುತ್ತದೆ. ಮಾರಿದವರು ‘ಎಲ್ಲಾ ಹೊಸದು’ ಎಂದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಒಮ್ಮೆಗೇ ಬದಲಾಯಿಸಿ, ಡೀಸೆಲ್ ಆದರೆ ಫ್ಯುಯೆಲ್ ಫಿಲ್ಟರ್ ಕೂಡ. ಅವತ್ತಿನ ಕಿಲೋಮೀಟರ್ ಮತ್ತು ಹಾಕಿದ ಆಯಿಲ್‌ನ ದರ್ಜೆಯನ್ನು ಬಿಲ್‌ನಲ್ಲೇ ಬರೆಸಿ ಗ್ಲೋವ್ ಬಾಕ್ಸ್‌ನಲ್ಲಿಡಿ. ಮುಂದಿನ ಸರ್ವಿಸ್ ಯಾವಾಗ ಎಂಬುದನ್ನು ಆ ಅಂಕಿಯಿಂದ ಎಣಿಸಿ.